ನಿಲ್ಲಿಸಿದವರು

‘ಮಾಂಸ ಯಾಕೆ ಬಿಟ್ಟಿರಿ’ ಎಂಬ ಏಳನೆಯ ಪ್ರಶ್ನೆಗೆ ‘ಆರೋಗ್ಯ’ ಎಂಬ ಚೌಕದಲ್ಲಿ ಗುರುತು ಹಾಕಿ ಮೂರು ವಾರವಾಗಿತ್ತು. ಹಾಕಿದ ದಿನ ರಾಮರ್‌ಗೆ ಏನೂ ಅನ್ನಿಸಿರಲಿಲ್ಲ. ಇವತ್ತು ಬೆಳಿಗ್ಗೆ ಕಾಲೇಜಿನ ವ್ಯಾನು ಹನುಮಂತನಪಟ್ಟಿ ಬಿಟ್ಟು ಚಿನ್ನಮನೂರು ದಾಟುವ ಹೊತ್ತಿಗೆ ಆ ಗುರುತು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಕಾಡತೊಡಗಿತು. ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಪ್ರಶ್ನೆಪಟ್ಟಿ ತಂದವಳು ತಮ್ಮನ ಮಗಳು ಕಾರ್ತಿಕಾ, ದಿಂಡಿಗಲ್ಲಿನ ಕಾಲೇಜೊಂದರಲ್ಲಿ ಆಹಾರದ ಮೇಲೆ ಸಂಶೋಧನೆ ಮಾಡುವವಳು. ಆಡನ್ನು ಕೊಯ್ಯದೆ, ಅದರ ಮೈಯಿಂದ ಸೂಜಿಯಲ್ಲಿ ಚಿಟಿಕೆಯಷ್ಟು ಜೀವಕೋಶ ತೆಗೆದು, ಲ್ಯಾಬಿನ ತೊಟ್ಟಿಯಲ್ಲಿ ಬೆಳೆಸಿದ ಮಾಂಸವನ್ನು ಈ ಕಡೆಯ ಜನ ತಿಂದಾರೋ ಇಲ್ಲವೋ ಎಂಬುದು ಅವಳ ವಿಷಯ. ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಕನ್ನಡ ಆಡುವವರ ಊರೂರು ಸುತ್ತಿ ಜನರನ್ನು ನಾಲ್ಕು ಗುಂಪು ಮಾಡಿದ್ದಳು: ವಾರಕ್ಕೊಮ್ಮೆ ತಿನ್ನುವವರು, ಹಬ್ಬಕ್ಕೆ ತಿನ್ನುವವರು, ಎಂದೂ ತಿನ್ನದವರು, ಮೊದಲು ತಿನ್ನುತ್ತಿದ್ದು ನಿಲ್ಲಿಸಿದವರು. ನಾಲ್ಕನೆಯ ಗುಂಪಿಗೆ ಸಿಕ್ಕಿದ್ದು ಇಬ್ಬರೇ. ಅವರಲ್ಲಿ ಒಬ್ಬ ತೇವಾರದ ಮುದುಕ, ಹಲ್ಲು ಹೋಗಿ ನಿಲ್ಲಿಸಿದವನು. ಹೋದ ತಿಂಗಳು ಹೊಸ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡು ಮತ್ತೆ ಶುರು ಮಾಡಿಬಿಟ್ಟಿದ್ದ. ಉಳಿದವನು ರಾಮರ್. “ದೊಡ್ಡಪ್ಪಾ, ನೀವು ಬರ್ಲೇಬೇಕು. ನೀವು ಇಲ್ಲಂದ್ರೆ ನನ್ ಟೇಬಲ್‌ನಾಗೆ ಒಂದು ಕಾಲಮೇ ಕಾಲಿ ಆಗೋತದೆ” ಎಂದು ಕಾರ್ತಿಕಾ ಫೋನಿನಲ್ಲಿ ಬೇಡಿಕೊಂಡಿದ್ದಳು. ಅರವತ್ತನಾಲ್ಕು ವರ್ಷದ ಬಾಳಿನಲ್ಲಿ ತಾನಿಲ್ಲದಿದ್ದರೆ ಏನಾದರೊಂದು ಖಾಲಿಯಾಗುತ್ತದೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಅದಕ್ಕೇ ಒಪ್ಪಿದನೇನೋ. ದ್ರಾಕ್ಷಿ ಚಪ್ಪರಕ್ಕೆ ಔಷಧಿ ಹೊಡೆಯುವ ದಿನವನ್ನೇ ಮುಂದಕ್ಕೆ ಹಾಕಿ ಬಂದಿದ್ದ.

ಪಕ್ಕದಲ್ಲಿ, ಕಿಟಕಿಯ ಕಡೆ, ಹೆಂಡತಿ ಪೊನ್ನಮ್ಮಾಳ್ ಕುಳಿತಿದ್ದಳು. ಅವಳು ‘ವಾರಕ್ಕೊಮ್ಮೆ ತಿನ್ನುವವರು’ ಗುಂಪು. ಕಟ್ಟು ಮಲ್ಲಿಗೆ ಮುಡಿದು, ಮದುವೆಗೆ ಹೊರಟವಳ ಹಾಗೆ ಸೀರೆಯುಟ್ಟು, ಯಾರೋ ಬೇರೆಯವರು ಮಾಡಿದ ಅಡುಗೆಯ ತಪ್ಪು ಹುಡುಕಲು ಕರೆದಿದ್ದಾರೆಂಬ ಹುರುಪಿನಲ್ಲಿದ್ದಳು. “ನಿಮ್ಗೆ ಅದು ಆಗ್ದು. ಬಾಯ್ಗೆ ಇಟ್ಟಂಗ್ ಮಾಡಿ ಉಗುಳ್ಬಿಡಿ, ಉಗಿಯೋಕೆ ಕಪ್ಪು ಕೊಡ್ತಾರಂತೆ. ಕೊಬ್ಬು ಏರಿಕೊಂಡ್ರೆ ಕಾರ್ತಿಕಾ ಬಂದು ನೋಡ್ತಾಳಾ?” ಎಂದಳು. ರಾಮರ್ ತಲೆಯಾಡಿಸಿದ. ಆರೋಗ್ಯ ಅಲ್ಲ, ಕೊಬ್ಬೂ ಅಲ್ಲ. ಅದು ಅವನೊಬ್ಬನಿಗೇ ಗೊತ್ತು. ಗೊತ್ತಾಗಬಾರದವಳು ಜಗತ್ತಿನಲ್ಲಿ ಒಬ್ಬಳಿದ್ದರೆ ಅದು ಈ ಕಿಟಕಿಯ ಕಡೆ ಕುಳಿತು, ಹೊರಗೆ ಓಡುವ ತೆಂಗಿನ ತೋಟಗಳನ್ನು ಯಾರ್ಯಾರದೆಂದು ಹೆಸರು ಹಿಡಿದು ಹೇಳುತ್ತಿರುವ ಇವಳೇ.

ಹನ್ನೆರಡು ವರ್ಷದ ಹಿಂದೆ ಇದೇ ದಾರಿಯಲ್ಲಿ, ತೇನಿಯವರೆಗೂ ಇದೇ ದಾರಿ, ಇವಳನ್ನು ಮಧುರೆಯ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಯಾವ ತೋಟವೂ ಕಂಡಿರಲಿಲ್ಲ. ಎದೆಯಲ್ಲಿ ಗಂಟು ಅಂದಿದ್ದರು. ಕೊಯ್ದು ತೆಗೆದರು. ಆಮೇಲೆ ಮದ್ದು ಏರಿಸಿದರು, ಕೂದಲೆಲ್ಲ ಉದುರಿತು. ತೇವಾರದಾಚೆ ಬೆಟ್ಟದ ಬುಡದಲ್ಲಿರುವ ಕುಲದಮ್ಮನಿಗೆ ರಾಮರ್ ಹರಕೆ ಹೊತ್ತ: ಇವಳು ಎದ್ದು ಓಡಾಡಿದರೆ ಕರಿಯ ಹೋತ ಕೊಡುತ್ತೇನೆ. ಇವಳು ಎದ್ದಳು. ಪಂಗುನಿ ತಿಂಗಳ ಜಾತ್ರೆಗೆ ಹೋತ ಹೊಡೆದುಕೊಂಡು ಹೋದರು. ಅರಿಸಿನ ನೀರನ್ನು ಹೋತದ ತಲೆಗೂ ಬೆನ್ನಿಗೂ ಹೊಯ್ಯಬೇಕು, ಅದು ಮೈ ಕೊಡವಬೇಕು. ಕೊಡವಿದರೆ ಅಮ್ಮ ಅಪ್ಪಣೆ ಕೊಟ್ಟಳು ಎಂದರ್ಥ, ಕತ್ತಿ ಎತ್ತಬಹುದು. ಕೊಡವದಿದ್ದರೆ ಹೋತವನ್ನು ಹಿಂದಕ್ಕೆ ಹೊಡೆದುಕೊಂಡು ಬರಬೇಕು. ನೂರಾರು ವರ್ಷದಿಂದ ನಡೆದು ಬಂದದ್ದು. ಮನೆಯಲ್ಲಿ ಆಡುವ ಕನ್ನಡ ಅರ್ಧ ತಮಿಳಾಗಿದ್ದರೂ ಇದೊಂದರಲ್ಲಿ ಕೂದಲೆಳೆಯಷ್ಟು ಬದಲಾಗಿಲ್ಲ ಎಂದು ಹಿರಿಯರು ಹೆಮ್ಮೆಪಡುತ್ತಿದ್ದರು. ಒಂದು ಚೊಂಬು ಹೊಯ್ದರು. ಎರಡು ಹೊಯ್ದರು. ಮೂರು. ಹೋತ ಯಾರ ಮೇಲೋ ನೀರು ಬಿದ್ದಂತೆ ನಿಂತಿತ್ತು. “ರಾಮರಾ, ಅಮ್ಮ ಇನ್ನೂ ಮನಸ್ ಬಿಡ್ಲಿಲ್ಲಪ್ಪಾ. ಬರೋ ಪಂಗುನಿಗೆ ಬಾ” ಎಂದ ಪೂಸಾರಿ. ಬರುವ ಪಂಗುನಿ! ಹುಣಸೆಮರದ ಬೊಡ್ಡೆಗೆ ಒರಗಿ, ತಲೆಗೆ ಟವೆಲು ಸುತ್ತಿಕೊಂಡು, ಮೂವತ್ತೆಂಟು ಕಿಲೋ ಆಗಿ ಕುಳಿತಿದ್ದ ಇವಳಿಗೆ ಬರುವ ಪಂಗುನಿ ಇದೆಯೋ ಇಲ್ಲವೋ ಎಂದು ಮಧುರೆಯ ದೊಡ್ಡ ಡಾಕ್ಟರೇ ಬಾಯಿ ಬಿಟ್ಟು ಹೇಳಿರಲಿಲ್ಲ. ಹೋತದ ಕುತ್ತಿಗೆ ಹಿಡಿದಿದ್ದವನು ರಾಮರ್. ಕೊರಳಿಗೆ ಕಟ್ಟಿದ್ದ ಬೇವಿನ ಸೊಪ್ಪಿನ ಒಂದು ಕಡ್ಡಿ ಅವನ ಬೆರಳಿಗೆ ಸಿಕ್ಕಿತು. ಅದು ಹೋತದ ಕಿವಿಯೊಳಗೆ ಹೋಯಿತು. ಹೋತ ಕಿವಿಯಿಂದ ಬಾಲದವರೆಗೂ ಕೊಡವಿತು, ತಮಟೆ ಬಡಿದರು, ಹೆಂಗಸರು ನಾಲಿಗೆ ಹೊರಳಿಸಿ ಕುಲವೆ ಕೂಗಿದರು, ಇವಳು ಅಳುತ್ತ ಕೈ ಮುಗಿದಳು. ಯಾರೂ ನೋಡಲಿಲ್ಲ. ಅವನೇ ಸರಿಯಾಗಿ ನೋಡಿರಲಿಲ್ಲ, ಕೈ ಅಷ್ಟು ಬೇಗ ಹೋಗಿ ಬಂದಿತ್ತು.

ಆ ಮಧ್ಯಾಹ್ನ ಎಲೆಗೆ ಬಡಿಸಿದ ಮೊದಲ ತುಂಡು ಬಾಯಲ್ಲಿ ಬಿಸಿತುಪ್ಪವಾಯಿತು, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಗುಡಿಯ ಹಿಂದೆ ಹೋಗಿ ಉಗಿದು, ಅಮ್ಮನ ಬೆನ್ನಿಗೇ ಹೇಳಿದ: ತಪ್ಪು ನನ್ನದು, ಅವಳ ಮೇಲೆ ಹಾಕಬೇಡ, ಅವಳು ಇರುವವರೆಗೂ ನಾನು ಬಾಡು ಮುಟ್ಟುವುದಿಲ್ಲ. ಮನೆಗೆ ಬಂದು, ಡಾಕ್ಟರು ಕೊಬ್ಬು ಬೇಡ ಅಂದಿದ್ದಾರೆ ಎಂದ. ಮೊದಲ ವರ್ಷ ಅವಳು, ಇವತ್ತು ಒಂದೇ ತುಂಡು, ಇವತ್ತು ಬರೀ ಸಾರು ಎಂದು ಕೇಳುತ್ತಿದ್ದಳು. ಆಮೇಲೆ ಕೇಳುವುದು ಬಿಟ್ಟಳು. ಭಾನುವಾರಕ್ಕೆ ಎರಡು ಪಾತ್ರೆ ಇಡುವುದು ಅಭ್ಯಾಸವಾಯಿತು, ದೊಡ್ಡದರಲ್ಲಿ ಬಾಡಿನ ಸಾರು, ಚಿಕ್ಕದರಲ್ಲಿ ನುಗ್ಗೆಕಾಯಿಯದೋ ಬದನೆಕಾಯಿಯದೋ. ನಂಟರ ಮನೆಯಲ್ಲಿ ಶುಭಕಾರ್ಯವಾದರೆ ಮಸಾಲೆ ಅರೆಯಲು ಇವಳನ್ನೇ ಕರೆಯುತ್ತಿದ್ದರು, ಪೊನ್ನಮ್ಮಾಳ್ ಕೈ ಹಾಕಿದರೆ ಪಕ್ಕದ ಬೀದಿಯವನಿಗೂ ಹಸಿವಾಗುತ್ತದೆ ಎನ್ನುತ್ತಿದ್ದರು. ಆ ಕೈಯ ಅಡುಗೆಯ ವಾಸನೆಯನ್ನು ಹನ್ನೆರಡು ವರ್ಷ, ವಾರ ತಪ್ಪದೆ, ನುಗ್ಗೆಕಾಯಿ ಚೀಪುತ್ತ ರಾಮರ್ ಕುಡಿದಿದ್ದಾನೆ. ಆಸೆ ಸತ್ತಿಲ್ಲ, ಒಂದು ದಿನವೂ ಸತ್ತಿಲ್ಲ. ಹೇಳಿಬಿಡಲೇ ಎಂದು ಎಷ್ಟೋ ಸಲ ಬಾಯಿ ತೆರೆದಿದ್ದ. ಹೇಳಿದರೆ ಅವಳು ಏನೆಂದುಕೊಳ್ಳಬೇಕು? ಅಮ್ಮ ಒಪ್ಪಿರಲಿಲ್ಲ, ನಾನು ಬದುಕಿರುವುದು ಅಪ್ಪಣೆಯಿಲ್ಲದೆ ಎಂದು ತಾನೇ? ನಡೆದುಕೊಂಡು ಹೋಗುತ್ತಿರುವವಳಿಗೆ ನಿನ್ನ ಕಾಲ ಕೆಳಗೆ ನೆಲವಿಲ್ಲ ಎಂದು ಹೇಳುವುದು ಹೇಗೆ? ಹಾಗಾಗಿ ಸುಮ್ಮನಿದ್ದ, ಸುಮ್ಮನಿದ್ದು ಅಭ್ಯಾಸವಾಯಿತು, ಅಷ್ಟೇನೂ ಕಷ್ಟವೂ ಆಗಲಿಲ್ಲ, ಇವಳು ಚೆನ್ನಾಗಿದ್ದಳಲ್ಲ.

ವತ್ತಲಗುಂಡಿನಲ್ಲಿ ಟೀ ಕುಡಿಯಲು ವ್ಯಾನು ನಿಂತಾಗ ಜೊತೆಗೆ ಬಂದಿದ್ದ ಪೆರುಮಾಳ್ ಎಲ್ಲರನ್ನೂ ನಗಿಸುತ್ತಿದ್ದ. ಉತ್ತಮಪಾಳ್ಯಂ ರಸ್ತೆಯಲ್ಲಿ ಅವನದು ಮಟನ್ ಅಂಗಡಿ. “ನನ್ನ ಯಾಕ್ ಕರ್ದೌರೋ ಗೊತ್ತಿಲ್ಲ. ಕುಡ್ಗೋಲು ಮಾಡೋ ಆಚಾರೀನ ಟ್ರಾಕ್ಟರ್ ನೋಡೋಕೆ ಕರ್ದಂಗೆ ಐತೆ. ಇರ್ಲಿ, ಒಂದ್ ಕೇಳ್ತೀನಿ. ಸಾಮಿಗೆ ಕೊಯ್ದ್ರೆ ತಲೆ ಪೂಸಾರಿಗೆ, ತೊಡೆ ಮಾಮನ್‌ಗೆ. ತೊಟ್ಟಿಯಾಗೆ ಬೆಳ್ದಿದ್ದಕ್ಕೆ ತಲೆ ಎಲ್ಲಿ ಐತೆ, ತೊಡೆ ಎಲ್ಲಿ ಐತೆ? ಮಾಮನ್‌ಗೆ ಏನ್ ಕೊಡೋದು, ತೊಟ್ಟಿ ಮುಚ್ಚಳಾನಾ?” ರಾಮರ್ ಕೂಡ ನಕ್ಕ. ತಲೆಯಿಲ್ಲ, ತೊಡೆಯಿಲ್ಲ ಎಂಬುದೇ ಅವನಿಗೆ ಹಿತವಾಗಿತ್ತು. ಕುತ್ತಿಗೆಯೂ ಇಲ್ಲ, ಹಿಡಿಯಲು ಹಗ್ಗವೂ ಇಲ್ಲ, ಕಿವಿಯೂ ಇಲ್ಲ. ಸೂಜಿ ಚುಚ್ಚಿಸಿಕೊಂಡ ಆಡು ಇನ್ನೂ ಇದೆಯಾ ಎಂದು ಕಾರ್ತಿಕಾಳನ್ನು ಮೂರು ಸಲ ಕೇಳಿದ್ದ. ಮೂರು ಸಲವೂ ಅವಳು, ಇದೆ, ಮೇಯುತ್ತಿದೆ ಎಂದಿದ್ದಳು. ಹಾಗಿದ್ದರೆ ಇದು ಬಾಡೇ ಅಲ್ಲ, ಅಮ್ಮನಿಗೆ ಕೊಟ್ಟ ಮಾತಿನೊಳಕ್ಕೆ ಇದು ಬರುವುದಿಲ್ಲ, ಎಂದು ವಕೀಲನ ಹಾಗೆ ತನಗೆ ತಾನೇ ವಾದಿಸಿಕೊಂಡಿದ್ದ. ವಾದ ಗೆದ್ದಿತ್ತು ಕೂಡ, ಎದುರು ಪಕ್ಷದವರು ಯಾರೂ ಇರಲಿಲ್ಲವಲ್ಲ.

ಕಾಲೇಜಿನ ಕೋಣೆಯಲ್ಲಿ ಬಿಳಿಯ ಹಲಗೆಗಳಿಂದ ಗೂಡು ಗೂಡು ಮಾಡಿದ್ದರು. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣಬಾರದಂತೆ, ಕಂಡರೆ ಅವರು ಮುಖ ಕಿವುಚಿದ್ದಕ್ಕೆ ಇವರೂ ಕಿವುಚುತ್ತಾರಂತೆ. ರಾಮರ್‌ಗೆ ಪರೀಕ್ಷೆಯ ಕೋಣೆ ನೆನಪಾಯಿತು. ಕಿಂಡಿಯಿಂದ ಎರಡು ಕಾಗದದ ಬಟ್ಟಲು ಬಂದವು, ಹೆಸರಿಲ್ಲ, ಬರೀ ಮೂರಂಕಿಯ ನಂಬರು. ಒಂದೊಂದರಲ್ಲೂ ಹೆಬ್ಬೆರಳಿನಷ್ಟು ಹುರಿದ ತುಂಡು, ಎರಡೂ ತೊಟ್ಟಿಯಲ್ಲಿ ಬೆಳೆದದ್ದೇ. ಉಗಿಯುವ ಕಪ್ಪು ಬಲಕ್ಕೆ, ಬಾಯಿ ಮುಕ್ಕಳಿಸುವ ನೀರು ಎಡಕ್ಕೆ. ಮೊದಲನೆಯದನ್ನು ಮೂಸಿದ. ಮೆಣಸು, ಜೀರಿಗೆ, ಅವುಗಳ ಹಿಂದೆ ಎಲ್ಲೋ ದೂರದಲ್ಲಿ ಅದೇ, ಅದೇ ವಾಸನೆ. ಬಾಯಲ್ಲಿ ನೀರೂರಿ ಅವನಿಗೆ ನಾಚಿಕೆಯಾಯಿತು. ಗೂಡಿನಲ್ಲಿ ಯಾರೂ ನೋಡುತ್ತಿಲ್ಲವೆಂದು ಗೊತ್ತಿದ್ದೂ ಒಮ್ಮೆ ಹಿಂದಿರುಗಿ ನೋಡಿದ. ಬಾಯಿಗಿಟ್ಟ. ಕಚ್ಚಿದ. ನಾರು ಸ್ವಲ್ಪ ಕಮ್ಮಿ, ಎಲುಬಿನ ಪಕ್ಕದ ರುಚಿ ಇಲ್ಲ, ಮಸಾಲೆ ಒಳಗೆ ಇಳಿದಿಲ್ಲ, ಆದರೂ ಆಡಿನದೇ. ಆಡಿನದಲ್ಲದೆ ಇನ್ನೇನು. ನುಂಗಿದ. ಗಂಟಲು ತಡೆಯಲಿಲ್ಲ, ಸೂರು ಕಳಚಿ ಬೀಳಲಿಲ್ಲ. ರಾಮರ್‌ಗೆ ಸಂತೋಷವಾಯಿತು. ಎಷ್ಟು ಸಂತೋಷವೆಂದರೆ ಎರಡನೆಯ ಬಟ್ಟಲನ್ನೂ ಮುಗಿಸಿ, ತಳದಲ್ಲಿದ್ದ ಎಣ್ಣೆಯನ್ನು ಬೆರಳಿನಲ್ಲಿ ಒರೆಸಿ ನೆಕ್ಕಿ, ಕಿಂಡಿಯ ಬಾಗಿಲು ತಟ್ಟಿ, ಇನ್ನೊಂದು ಚೂರು ಸಿಗುತ್ತದೆಯೇ ಎಂದು ತಮಿಳಿನಲ್ಲಿ ಕೇಳಿದ. ಆಚೆಯಿಂದ ಕೈಯೊಂದು ಮಾತಿಲ್ಲದೆ ಇನ್ನೊಂದು ಬಟ್ಟಲು ಇಟ್ಟಿತು. ಅದನ್ನೂ ತಿಂದ. ಉಗಿಯುವ ಕಪ್ಪು ತಂದಿಟ್ಟಂತೆಯೇ ಒಣಗಿತ್ತು.

ಆಮೇಲೆ ಎಲ್ಲರನ್ನೂ ದುಂಡಗೆ ಕೂರಿಸಿದರು. ಕಾರ್ತಿಕಾ ನಮ್ಮ ಮನೆಮಾತಿನ ಕನ್ನಡದಲ್ಲಿ ಶುರು ಮಾಡಿ, ಅರ್ಧಕ್ಕೆ ತಡವರಿಸಿ, ತಮಿಳಿಗೆ ಜಾರುತ್ತಿದ್ದಳು. ಪೊನ್ನಮ್ಮಾಳ್ ಮೊದಲೇ ಬಾಯಿ ಹಾಕಿದಳು: “ಯಾರಮ್ಮಾ ಇದನ್ನ ಮಾಡ್ದೋರು? ಉಪ್ಪು ಮೇಲೇ ನಿಂತೈತೆ, ಒಳಕ್ಕೆ ಹೋಗ್ಲೇ ಇಲ್ಲ. ಬಾಡು ಪರವಾಯಿಲ್ಲೆ, ಮಾಡ್ದ ಕೈ ತಾನ್ ಸರಿಯಿಲ್ಲ.” ಎಲ್ಲರೂ ನಕ್ಕರು, ಬಿಳಿ ಕೋಟಿನ ಹುಡುಗನೊಬ್ಬ ತಲೆ ತಗ್ಗಿಸಿದ. ಪೆರುಮಾಳ್, ತಿನ್ನಬಹುದು ಆದರೆ ನನ್ನ ಅಂಗಡಿಯಲ್ಲಿ ಇಡುವುದಿಲ್ಲ, ನೇತುಹಾಕಲು ಏನೂ ಇಲ್ಲ, ನೇತುಹಾಕದಿದ್ದರೆ ಗಿರಾಕಿ ನಂಬುವುದಿಲ್ಲ ಎಂದ. ಎಂಬತ್ತರ ಹತ್ತಿರದ ರಾಜಮ್ಮಾಳ್ ತಿಂದೇ ಇರಲಿಲ್ಲ. ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. “ಏನ್ ಅಜ್ಜೀ, ಪಿಡಿಕ್ಕಲಿಲ್ವಾ, ಇಷ್ಟ ಆಗ್ಲಿಲ್ವಾ?” ಎಂದು ಕಾರ್ತಿಕಾ ಕೇಳಿದಾಗ ಮುದುಕಿ, “ಆಡ್ನ ಕೇಳುದ್ರಾ?” ಎಂದಳು.

“ಕೊಯ್ಯೋದೇ ಇಲ್ಲ ಅಜ್ಜೀ. ಚುಮ್ಮಾ ಒಂದ್ ಊಸಿ ಚುಚ್ಚೋದು. ಆಡು ಇನ್ನೂ ಉಸುರಾಗ್ ಐತೆ.”

“ಅದ್ನೇ ತಾನಮ್ಮಾ ಕೇಳ್ತಿರೋದು. ಸತ್ತದ್ದನ್ನ ತಿಂದ್ರೆ ಒಂದ್ ಸಲ ಕೇಳಿದ್ರೆ ಆಯ್ತು. ಇದು ಉಸುರಾಗ್ ಐತೆ, ನೀವು ತಿಂತಾನೇ ಇರ್ತೀರಿ. ಊಸಿ ಹಾಕೋಕ್ ಮುಂಚೆ ನೀರು ಹುಯ್ದ್ರಾ? ಮೈ ಕೊಡವ್ತಾ?”

ಕುಂಬಳಕಾಯಿ ಕಳ್ಳ ಅಂದರೆ ರಾಮರ್ ಹೆಗಲು ಮುಟ್ಟಿ ನೋಡಿಕೊಂಡ. ನಿಜಕ್ಕೂ ಅವನ ಕೈ ಹೆಗಲಿನ ಮೇಲಿನ ಟವೆಲಿಗೆ ಹೋಗಿತ್ತು. ಕಾರ್ತಿಕಾ ತನ್ನ ಪ್ರೊಫೆಸರಿಗೆ ಮುದುಕಿಯ ಮಾತನ್ನು ತಮಿಳಿನಲ್ಲಿ ವಿವರಿಸಿದಳು. ಇದನ್ನು ‘ದೇವರು’ ಎಂಬ ಚೌಕಕ್ಕೆ ಹಾಕುವುದೋ ‘ಕರುಣೆ’ ಎಂಬ ಚೌಕಕ್ಕೋ ಎಂದು ಇಬ್ಬರೂ ಪಿಸುಗುಟ್ಟಿಕೊಂಡರು. ಎಷ್ಟು ಚೌಕ ಮಾಡಿದರೂ ನಮ್ಮ ಮುದುಕಿಯರು ಗೆರೆಯ ಮೇಲೇ ಕೂರುತ್ತಾರೆ. ಆಮೇಲೆ ಕಾರ್ತಿಕಾ ಅವನತ್ತ ತಿರುಗಿದಳು, ಅವಳ ಮುಖ ಅರಳಿತ್ತು. “ಎಲ್ಲಾರೂ ನಮ್ ದೊಡ್ಡಪ್ಪನ್ನ ನೋಡ್ರಿ! ಹನ್ನೆರಡು ವರ್ಷ ಆಯ್ತು ಬಾಡ್ ಬಿಟ್ಟು. ಇವತ್ತು ಎರಡು ಬಟ್ಲೂ ತಿಂದು, ಮೂರನೇದು ಕೇಳಿ ಇಸ್ಕೊಂಡವ್ರೆ!”

ಯಾರೋ ಚಪ್ಪಾಳೆ ತಟ್ಟಿದರು. ರಾಮರ್‌ಗೆ ಕಿವಿ ಬಿಸಿಯಾಯಿತು. ಪೊನ್ನಮ್ಮಾಳ್ ಚಪ್ಪಾಳೆ ತಟ್ಟಲಿಲ್ಲ. “ಇದ್ರಾಗೆ ಕೊಬ್ಬು ಇಲ್ವೇನಮ್ಮಾ?” ಎಂದು ಮೆಲ್ಲಗೆ ಕೇಳಿದಳು.

“ಐತೆ ದೊಡ್ಡಮ್ಮಾ. ಆಡಿನ್ ಬಾಡ್ನಾಗೆ ಎಷ್ಟೋ ಇದ್ರಾಗೂ ಅಷ್ಟೇ. ಎಲ್ಲಾನೂ ಅದೇ ತಾನ್.”

 ಪೊನ್ನಮ್ಮಾಳ್ ಗಂಡನನ್ನು ಒಂದು ಸಲ ನೋಡಿದಳು. ರಾಮರ್ ಅವಳ ಕೋಪ ಬಲ್ಲ, ಅವಳ ಗೇಲಿ ಬಲ್ಲ, ಜಡೆ ಎಳೆದು ಕಟ್ಟಿಕೊಂಡು ಜಗಳಕ್ಕೆ ನಿಲ್ಲುವುದನ್ನು ಬಲ್ಲ. ಇದು ಯಾವುದೂ ಅಲ್ಲ. ನಂಟರ ಮನೆಯ ಪಂಕ್ತಿಯಲ್ಲಿ ತನ್ನ ಎಲೆಯನ್ನು ಮಾತ್ರ ಬಿಟ್ಟು ಬಡಿಸಿಕೊಂಡು ಹೋದಾಗ ಒಬ್ಬರ ಮುಖ ಹೇಗಾಗುತ್ತದೆಯೋ ಹಾಗಾಗಿತ್ತು. ಮುಂದೆ ಅರ್ಧ ಗಂಟೆ ಬೆಲೆ ಎಷ್ಟಿರಬೇಕು, ಹೆಸರು ಏನಿಡಬೇಕು ಎಂದೆಲ್ಲ ಚರ್ಚೆಯಾಯಿತು. ಅವಳು ಕೈಚೀಲದ ದಾರ ಬಿಚ್ಚುತ್ತ ಕಟ್ಟುತ್ತ ಕುಳಿತಿದ್ದಳು.  ಹೇಳದೆ ಬೇರೆ ದಾರಿ ಇಲ್ಲವೆಂದು ರಾಮರ್‌ಗೆ ಗೊತ್ತಾದದ್ದು ಆಗ. ಹೇಳಿದರೆ ಅವಳ ನೆಲ ಕುಸಿಯುತ್ತದೆ ಎಂದು ಹನ್ನೆರಡು ವರ್ಷ ಹೆದರಿದ್ದನಲ್ಲ, ಹೇಳದೆಯೂ ಕಣ್ಣೆದುರಿಗೇ ಏನೋ ಕುಸಿಯುತ್ತಿತ್ತು.

ಹೊರಗೆ ಬೇವಿನ ಮರದ ಸುತ್ತ ಸಿಮೆಂಟಿನ ಕಟ್ಟೆ. ವ್ಯಾನಿನ ಡ್ರೈವರ್ ಊಟಕ್ಕೆ ಹೋಗಿದ್ದ. ಬಿಸಿಲು ಇತ್ತು, ಸಿರುಮಲೆಯ ಕಡೆಯಿಂದ ಗಾಳಿಯೂ ಇತ್ತು. ಇಬ್ಬರೂ ನಡುವೆ ಒಂದು ಮಾರು ಬಿಟ್ಟು ಕುಳಿತರು. ಅವಳು ಕೈಚೀಲದಿಂದ ಮೋಸಂಬಿ ತೆಗೆದು ಸುಲಿಯತೊಡಗಿದಳು, ಅವನಿಗೆ ಕೊಡಲಿಲ್ಲ. ರಾಮರ್ ಹೇಳಿದ. ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಬೇವಿನ ಕಡ್ಡಿಯಿಂದ ಶುರು ಮಾಡಿದ, ಹಿಂದಕ್ಕೆ ಹೋದ, ಮೂರು ಚೊಂಬು, ಪೂಸಾರಿಯ ಮಾತು, ಬರುವ ಪಂಗುನಿ, ಕಿವಿ. ಗುಡಿಯ ಹಿಂದೆ ಅಮ್ಮನಿಗೆ ಕೊಟ್ಟ ಮಾತು. ಹೇಳುತ್ತ ಅವಳ ಕಡೆ ನೋಡಲಿಲ್ಲ, ತನ್ನ ಚಪ್ಪಲಿಯ ಬಾರಿಗೆ ಹೇಳಿದ. ಹೇಳಿ ಮುಗಿಸಿದಾಗ ದೊಡ್ಡ ಹಗುರವೇನೂ ಆಗಲಿಲ್ಲ, ಬರೀ ಬಾಯಾರಿಕೆಯಾಯಿತು.

“ಡಾಕ್ಟರು ಏನೂ ಅನ್ಲಿಲ್ವಾ?” ಎಂದಳು ಪೊನ್ನಮ್ಮಾಳ್.

“ಇಲ್ಲ.”

“ಕೊಬ್ಬು?”

“ಅದೂ ಇಲ್ಲ.”

ಅವಳು ಮೋಸಂಬಿಯ ತೊಳೆಯೊಂದನ್ನು ಬಿಡಿಸಿದಳು, ಬೀಜ ತೆಗೆದಳು, ಮತ್ತೆ ಸಿಪ್ಪೆಯ ಮೇಲೆಯೇ ಇಟ್ಟಳು. ರಾಮರ್ ಕಾದ. ಈಗ ಅಮ್ಮನ ಮಾತು ಬರುತ್ತದೆ, ಈಗ ಅವಳಿಗೆ ಹೆದರಿಕೆಯಾಗುತ್ತದೆ, ಎದೆಯ ಮೇಲೆ ಕೈಯಿಡುತ್ತಾಳೆ, ಹಿಡಿದುಕೊಳ್ಳಬೇಕು ಎಂದು ಹತ್ತಿರ ಸರಿದ.

“ನಾ ನನ್ ಕೈ ಅಂದ್ಕೊಂಡಿದ್ದೆ” ಎಂದಳು.

ಅವನಿಗೆ ಅರ್ಥವಾಗಲಿಲ್ಲ.

“ಆ ಕಾಯ್ಲೆ ಬಂದು, ಕೊಯ್ದು, ಕೂದ್ಲು ಹೋಗಿ, ಮದ್ದಿನ ನಾತ ಮೈಯೆಲ್ಲ. ಅದಾದ್ ತಿಂಗ್ಳೇ ನೀವು ನಾ ಮಾಡಿದ್ ಬಾಡ್ ಬಿಟ್ರಿ. ಸೊಪ್ಪು ತಿಂತಿದ್ರಿ, ಕಾಯಿ ತಿಂತಿದ್ರಿ, ಅದನ್ನ ಮಾತ್ರ ಬಿಟ್ರಿ. ಅದು ಕೈಯಾಗ್ ಪಿಸುಕಿ ಮಸಾಲೆ ಹಿಡಿಸೋದು ತಾನೇ. ನನ್ ಕೈ ಕಂಡ್ರೆ ಅಸಿಂಗ, ಹೇಸ್ಗೆ ಆಗೋಗ್ಬಿಟ್ತೇನೋ ಇವ್ರಿಗೆ, ಬಾಯ್ ಬಿಟ್ಟು ಹೇಳ್ನಾರ್‌ದೆ ಡಾಕ್ಟರ್ ಹೆಸ್ರು ಹೇಳ್ತಾರೆ ಅಂತ ಇದ್ದೆ. ಇವತ್ತು ಯಾರೋ ಕೈಯಾಗ್ ಮಾಡಿದ್ದನ್ನ ಮೂರು ಬಟ್ಲು ತಿಂದ್ರಿ ಅಂದಾಗ, ಸರಿ, ನಾ ಅಂದ್ಕೊಂಡಿದ್ದೇ ನಿಜ ಅಂತ ಆಗೋಯ್ತು.”

ಅವಳು ಅಳಲಿಲ್ಲ. ಊರಿನ ಬಸ್ಸಿನ ಸಮಯ ಹೇಳುವ ಹಾಗೆ ಹೇಳಿದಳು.  ದೇವರಿಗೆ ಮೋಸ ಮಾಡಿದೆನೆಂದು ರಾಮರ್ ಹನ್ನೆರಡು ವರ್ಷ ನರಳಿದ್ದ, ದಿನಾ ತನ್ನ ಮುಂದೆ ಅನ್ನ ತಂದಿಡುತ್ತಿದ್ದವಳಿಗೆ ಏನು ಮಾಡುತ್ತಿದ್ದೇನೆಂದು ಒಂದು ದಿನವೂ ಹೊಳೆದಿರಲಿಲ್ಲ. ಕೈ ಚಾಚಿ ಅವಳ ಕೈ ಹಿಡಿದ, ಮೋಸಂಬಿಯ ರಸದಿಂದ ಅಂಟಂಟಾಗಿತ್ತು. ಕಾಲೇಜಿನ ಹುಡುಗಿಯರು ಇಬ್ಬರು ಆ ಕಡೆಯಿಂದ ನಗುತ್ತ ಹೋದರು. ಹೋಗಲಿ ಎಂದು ಹಿಡಿದೇ ಕುಳಿತ.

“ಅಮ್ಮನ್ ಹರಕೆ?” ಎಂದ. “ನಿಂಗೆ ಬಯ ಆಗ್ಲಿಲ್ವಾ?”

“ಅಮ್ಮನ್ಗೆ ಬ್ಯಾಡ ಅನ್ಸಿದ್ರೆ ಹನ್ನೆರಡು ವರ್ಷ ಕಾಯ್ತಿದ್ಳಾ? ನೀವು ಬಾಡ್ ಬಿಟ್ಟಿದ್ದೂ ಸಾಕು. ಪಂಗುನಿಗೆ ಇನ್ನೊಂದು ಹೋತ ಹೊಡ್ಕೊಂಡು ಹೋಗೋಣ. ಮೈ ಕೊಡವಿದ್ರೆ ಸರಿ. ಇಲ್ಲಾಂದ್ರೆ ಮನೆಗ್ ಕರ್ಕೊಂಡ್ ಬಂದು ಸೊಪ್ಪು ಹಾಕೋಣ. ನೀವು ಕುತ್ಗೆ ಹಿಡಿಯೋದ್ ಬ್ಯಾಡ, ಬೇರೆ ಯಾರಾದ್ರೂ ಹಿಡೀಲಿ” ಎಂದು ಅವಳು ಮೊದಲ ಸಲ ನಕ್ಕಳು. ಮೋಸಂಬಿಯ ತೊಳೆಯನ್ನು ಅವನ ಅಂಗೈಯಲ್ಲಿಟ್ಟಳು.

ಅಷ್ಟರಲ್ಲಿ ಕಾರ್ತಿಕಾ ಓಡಿಬಂದಳು, ಕೈಯಲ್ಲಿ ಅವನ ಪ್ರಶ್ನೆಪಟ್ಟಿ. ಕೊನೆಯ ಪ್ರಶ್ನೆಯನ್ನು ಎಲ್ಲರಿಗೂ ಕೇಳಿ ದೊಡ್ಡಪ್ಪನನ್ನು ಕೇಳಲು ಮರೆತುಬಿಟ್ಟಿದ್ದಳಂತೆ. ನಿಲ್ಲಿಸಿದವರ ಕಾಲಮ್ಮಿನಲ್ಲಿ ಇರುವುದು ಇದೊಂದೇ ಉತ್ತರ, ಪ್ರೊಫೆಸರ್ ಇದಕ್ಕೇ ಕಾಯುತ್ತಿದ್ದಾರೆ ಎಂದಳು. “ಈ ಬಾಡು ನಾಳೆ ನಮ್ಮೂರು ಕಡೇಲೇ ಸಿಕ್ಕಿದ್ರೆ ನೀವು ದುಡ್ ಕೊಟ್ಟು ವಾಂಗಿ ತಿಂತೀರಾ, ದೊಡ್ಡಪ್ಪಾ?”

ರಾಮರ್ ಬಾಯಿ ತುಂಬ ಮೋಸಂಬಿ ಇಟ್ಟುಕೊಂಡಿದ್ದ. ಉತ್ತರ ಹೇಳಿದ್ದು ಪೊನ್ನಮ್ಮಾಳ್.

“ಇಲ್ಲ ಅಂತ ಬರ್ಕೊಳಮ್ಮಾ. ಇವ್ರಿಗೆ ಮನೇಲ್ ಐತೆ.”